ನಿಮ್ಮ ಕ್ಲಿನಿಕ್ಕಿನ ಬೆಳಗಿನ ಫೋನು

ಮಹಾಜನಗಳೇ! ಹೊನ್ನಾಳಿಯ ಸಭಿಕರೇ, ನ್ಯಾಮತಿಯ ಬಂಧುಗಳೇ, ಚನ್ನಗಿರಿಯಿಂದ ಚಾಪೆ ಸುತ್ತಿಕೊಂಡು ಬಂದವರೇ, ಜಗಳೂರಿನಿಂದ ಬಸ್ಸು ಬದಲಿಸಿ ಬಂದವರೇ! ಗಲಾಟೆ ನಿಲ್ಲಲಿ, ದೀಪ ಏರಲಿ, ಪರದೆ ಏಳಲಿ! ಇಂದಿನ ಸಭೆಗೆ ಸುದ್ದಿಯೊಂದನ್ನು ಹೊತ್ತು ತಂದಿದ್ದೇನೆ!

ನಗುತ್ತಿದ್ದೀರಾ, ನನ್ನ ಡಾಕ್ಟರೇ? ನಗಿ. ಈ ಸಭೆಯಲ್ಲಿ ಕೂತಿರುವವರು ನೀವೊಬ್ಬರೇ. ನಿಮ್ಮ ಕಂಪೌಂಡರ್ ರುದ್ರೇಶಿಗೆ ಕಾಗದ ಬರೆಯುವಾಗಲೂ ಎದುರಿಗೆ ಜನ ಬೇಕು ಎನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಊರ ನಾಟಕದಲ್ಲಿ ನಾನು ಕಿರೀಟ ಇಟ್ಟು ಅಬ್ಬರಿಸುವಾಗಲೆಲ್ಲ ನೀವು ಮೊದಲ ಸಾಲಿನಲ್ಲಿ ಇರುತ್ತಿದ್ದಿರಿ. ಮರುದಿನ ಕ್ಲಿನಿಕ್ಕಿನಲ್ಲಿ, “ಏ ರುದ್ರೇಶಿ, ಮೈಕಿಲ್ದೆ ಕೊನೇ ಸಾಲಿಗೆ ಮುಟ್ಟೋ ಗಂಟಲು ನಿಂದು. ಇಲ್ಲಿ ಮಾತ್ರೆ ಎಣಿಸಾಕೆ ಹಾಕಿ ದಂಡ ಮಾಡ್ತಿದೀನಿ ನೋಡು” ಎನ್ನುತ್ತಿದ್ದಿರಿ. ದಂಡವಾಗಲಿಲ್ಲ ಡಾಕ್ಟರೇ! ಅದನ್ನು ಹೇಳಲೆಂದೇ ಈ ಕಾಗದ.

ಒಂದು ಸಂಜೆ ನೀವು ಕೈತೊಳೆದುಕೊಂಡು ಕಿಟಕಿಯ ಬಳಿ ನಿಂತಿದ್ದು ನೆನಪಿದೆಯೇ? ಸಕ್ಕರೆ ಕಾಯಿಲೆಯ ಹೆಂಗಸೊಬ್ಬರನ್ನು ಆಗಷ್ಟೇ ದಾವಣಗೆರೆಗೆ ಕಳಿಸಿದ್ದೆವು, ಕಾಲು ಉಳಿಯುವ ಹಾಗಿರಲಿಲ್ಲ. ನೀವೆಂದಿರಿ: “ಬಾಗಿಲೊಳಗೆ ಬಂದಾಗ ನನ್ನ ರೋಗಿ. ಬಾಗಿಲು ದಾಟಿದ ಮ್ಯಾಲೆ ಯಾರ ರೋಗಿನೋ? ಮತ್ತೆ ಕಾಣೋದು ಬಿದ್ದಾಗಲೇ.” ನಾಟಕಕ್ಕೆ ಬಣ್ಣ ಹಚ್ಚುವ ನನಗೆ ಆಗಲೇ ಇದಕ್ಕೆ ಉತ್ತರ ಹೊಳೆಯಬೇಕಿತ್ತು. ಒಂದು ರಾತ್ರಿಯ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತೇವೆ, ಬಾರದವನ ಮನೆಗೆ ಹಾರ್ಮೋನಿಯಂ ಮೇಷ್ಟ್ರೇ ಹುಡುಕಿಕೊಂಡು ಹೋಗುತ್ತಾರೆ. ಜೀವನವಿಡೀ ಜೊತೆಗಿರುವ ಬಿಪಿ, ಶುಗರ್‌ಗೆ ಮಾತ್ರ ತಾಲೀಮೇ ಇಲ್ಲ, ನೇರ ರಂಗಪ್ರವೇಶ!

ನೀವು ಕಣ್ಮುಚ್ಚಿದ ಮೇಲೆ ನಿಮ್ಮ ಡಾಕ್ಟರ್ ಮಗಳು ಶೈಲಾ ನಿಮ್ಮ ಕುರ್ಚಿಯಲ್ಲಿ ಕೂತ ಮೊದಲ ವಾರ… ಏನು ಹೇಳಲಿ. ಬೆಂಚುಗಳು ಖಾಲಿ. “ದೊಡ್ಡ ಡಾಕ್ಟ್ರೇ ಇಲ್ಲ ಅಂದ ಮ್ಯಾಲೆ” ಎಂದು ಜನ ಶಿವಮೊಗ್ಗದ ಬಸ್ಸು ಹತ್ತಿದರು. ಹಾಗೆ ಹೋದವರು ಮಾತ್ರೆ ಮುಗಿದ ಮೇಲೆ ಅಲ್ಲಿಗೂ ಹೋಗುತ್ತಿರಲಿಲ್ಲ, ಆ ಮಾತು ಬೇರೆ. ಅಷ್ಟರಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರಿಂದ ಶೈಲಾ ಅಮ್ಮನವರಿಗೆ ಕೆಲಸಕ್ಕೆ ಕರೆ ಬಂತು. ಅವರು ನಮ್ಮನ್ನು ಕೂರಿಸಿ ಹೇಳಿದರು: “ರುದ್ರೇಶಣ್ಣ, ದೀಪಾವಳಿವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಅಪ್ಪನ ಬೋರ್ಡ್ ಇಳಿಸೋಣ.” ನಿಮ್ಮ ಬೋರ್ಡ್ ಇಳಿಸುವುದೇ! ಎದ್ದು ಹೊರಗೆ ಹೋಗಿ ಆ ಬೋರ್ಡಿನ ಧೂಳು ಒರೆಸಿ ಬಂದೆ.

ಆದರೆ ಯಾರ ಮಗಳು? ಮಾರನೆಯ ದಿನ ಅಮ್ಮನವರು ಗೋಡೆಗೆ ಬೆನ್ನು ಕೊಟ್ಟು ನಿಂತು ಹೊಸ ಯೋಜನೆ ಹೇಳಿದರು. ಬಿಪಿ, ಶುಗರ್, ಉಬ್ಬಸ ಇರುವ ಪ್ರತಿಯೊಬ್ಬರಿಗೂ, ಅವರು ಒಪ್ಪಿದರೆ, ತಿಂಗಳು ತಿಂಗಳು ಕ್ಲಿನಿಕ್ಕಿನಿಂದಲೇ ಫೋನು. ಮಾತ್ರೆ ಇದೆಯೇ, ತಲೆ ಸುತ್ತಿತೇ, ಅಂಗಾಲು ನೋಡಿಕೊಂಡಿರಾ ಎಂದು ವಿಚಾರಿಸುವುದು. ಅನುಮಾನ ಬಂದರೆ ಅಂದೇ ಕರೆಸುವುದು, ಇಲ್ಲದಿದ್ದರೆ ಅವರವರ ದಿನಕ್ಕೆ ಬರಹೇಳುವುದು. ನರ್ಸ್ ಸುಮಾ ಫೋನು ಹಿಡಿದಳು. ಪಾಪ, ಜೇನಿನಂಥ ದನಿ! “ನಮಸ್ಕಾರ, ನಾವು…” ಎನ್ನುವಷ್ಟರಲ್ಲಿ ಕಟ್! ಸಾಲದ ಕಂಪನಿಯವರೆಂದುಕೊಂಡರು. ಒಬ್ಬರಂತೂ, “ನಂಗೆ ಯಾವ ಸಿಮ್ಮೂ ಬ್ಯಾಡ ಕಣಮ್ಮಾ!” ಎಂದು ಬೈದೇ ಇಟ್ಟರು.

ಸುಮಾ ಕಣ್ಣೊರೆಸಿಕೊಂಡು ಫೋನನ್ನು ನನ್ನ ಕಡೆ ತಳ್ಳಿದ ಆ ಗಳಿಗೆ ಇದೆಯಲ್ಲ, ಡಾಕ್ಟರೇ, ಅದು ನನ್ನ ಜೀವಮಾನದ ಪ್ರವೇಶ! ಎದ್ದು ನಿಂತೆ. ಅಂಗಿಯ ಗುಂಡಿ ಹಾಕಿಕೊಂಡೆ. ಗೋವಿನಕೋವಿಯ ಸಿದ್ದೇಶಣ್ಣನಿಗೆ ಫೋನು ಹಚ್ಚಿದೆ. ಅಡಿಕೆ ಬೇಯಿಸಿ ಒಣಗಿಸುವ ಕಣ ಇಟ್ಟುಕೊಂಡಿರುವ, ನಿಮ್ಮ ಕೈಯಿಂದ ವರ್ಷಗಟ್ಟಲೆ ಶುಗರ್ ಮಾತ್ರೆ ಪಡೆದ ಅದೇ ಸಿದ್ದೇಶಣ್ಣ. ಅವನು ಎತ್ತಿದ್ದೇ ತಡ, ಗುಡುಗಿದೆ: “ಯಾರಲ್ಲಿ! ಗೋವಿನಕೋವಿಯ ದೊರೆಗಳು ಬಿಡಾರದಲ್ಲಿ ಇದ್ದಾರೋ!”

“ಅಯ್ಯೋ, ರುದ್ರೇಶಿ! ಕಿವಿ ಹೋತಲ್ಲೋ! ಏ ಇವ್ಳೇ, ಬಾರೇ ಇಲ್ಲಿ, ನಾಟಕದ ರುದ್ರೇಶಿ ಫೋನ್ ಮಾಡ್ಯಾನೆ!” ಸ್ಪೀಕರ್ ಆನ್ ಆಯಿತು. ಇಡೀ ಮನೆಯೇ ಸಭೆ!

“ದೊರೆಗಳ ಪಾದಗಳು ಕ್ಷೇಮವೋ? ನೋಡ್ಕಂಡ್ರಾ?”

“ಪಾದ ಇದ್ದಲ್ಲೇ ಐತೆ ಕಣೋ, ಎಲ್ಲೂ ಓಡಿ ಹೋಗಿಲ್ಲ.”

ಹಿಂದಿನಿಂದ ಅವನ ಹೆಂಡತಿ ಹಾಲಮ್ಮ ಕೂಗಿದಳು: “ಸುಳ್ ಹೇಳ್ಬ್ಯಾಡ್ರೀ! ಅಣ್ಣಾ, ಇವ್ರ ಅಂಗಾಲಾಗೆ ಕಪ್ಪಗೆ ಏನೋ ಆಗೈತೆ. ಮೊನ್ನೆ ಅಡಿಕೆ ಬೇಯ್ಸೋ ಒಲೇತಾವ ಕೆಂಡ ತುಳುದ್ರು.”

“ಬರಿಗಾಲಲ್ಲೇನಣ್ಣಾ?”

“ಇನ್ನೇನು ಮತ್ತೆ? ಅಡಿಕೆ ಹರವಿರೋ ಕಣದಾಗೆ ಚಪ್ಲಿ ಹಾಕ್ಕಂಡು ಹೋಗಾಕೆ ಆಗ್ತೈತೇನೋ? ಲಕ್ಷ್ಮೀ ಕಣಪ್ಪಾ! ಆದ್ರೆ ಕೆಂಡ ತುಳುದ್ರೂ ಒಂದ್ ಚೂರೂ ಉರೀಲಿಲ್ಲ, ಗೊತ್ತಾ? ಇನ್ನೂ ಗಟ್ಟಿ ಐತೆ ಕಾಲು!”

ಉರಿಯಲಿಲ್ಲವಂತೆ! ಅದನ್ನು ಅವನು ಹೆಮ್ಮೆಯಿಂದ ಹೇಳಿದ. ಶುಗರ್‌ಗೆ ಕಾಲಿನ ಸ್ಪರ್ಶವೇ ಸತ್ತಿದೆ ಎಂದು ಅವನಿಗೇನು ಗೊತ್ತು? ಆದರೆ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ನಿಮ್ಮ ಮಗಳ ಮುಖ ಬಿಳಿಚಿಕೊಂಡಿತು. ಫೋನು ಕಸಿದುಕೊಂಡು, “ಸಿದ್ದೇಶಣ್ಣ, ಊಟಕ್ಕೂ ಕೂರ್ಬೇಡಿ, ಈಗ್ಲೇ ಹೊರಡಿ” ಎಂದರು. ಮಗನ ಬೈಕಿನಲ್ಲಿ ಬಂದ. ಸುಟ್ಟಗಾಯ ಕೀವು ಹಿಡಿಯತೊಡಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ… ಆ ಕಿಟಕಿ, ಆ ಸಂಜೆ, ಆ ಹೆಂಗಸು, ಎಲ್ಲ ನನ್ನ ಕಣ್ಣ ಮುಂದೆ ಬಂದವು. ಅಮ್ಮನವರು ಗಾಯ ಸ್ವಚ್ಛಗೊಳಿಸಿದರು, ಔಷಧಿ ಬದಲಿಸಿದರು, ಸುಮಾ ದಿನವೂ ಡ್ರೆಸ್ಸಿಂಗ್ ಮಾಡಿದಳು. ಕಾಲು ಉಳಿಯಿತು, ಡಾಕ್ಟರೇ! ನಿಮ್ಮ ಬಾಗಿಲು ದಾಟಿ ಹೋಗಿದ್ದ ರೋಗಿ ಬೀಳುವ ಮೊದಲೇ ಸಿಕ್ಕಿದ!

ಕೊನೆಯ ಡ್ರೆಸ್ಸಿಂಗಿನ ದಿನ ಜಗಳ ಹತ್ತಿತು. ಬರಿಗಾಲಲ್ಲಿ ಕಣಕ್ಕೆ ಇಳಿಯುವ ಹಾಗಿಲ್ಲ ಎಂದು ಅಮ್ಮನವರು, ಮೆಟ್ಟಿನ ಕಾಲಲ್ಲಿ ಅಡಿಕೆಯ ನಡುವೆ ಓಡಾಡಲಾರೆ ಎಂದು ಸಿದ್ದೇಶಣ್ಣ. ಆಗ ನನಗೆ ನನ್ನ ರಾಜನ ಪಾತ್ರದ ಜರಿಯ ಚಪ್ಪಲಿ ಜೋಡು ನೆನಪಾಯಿತು. ಅದು ರಂಗದ ಮೇಲಷ್ಟೇ, ಬೀದಿ ಮುಟ್ಟುವುದಿಲ್ಲ. “ಅಣ್ಣಾ, ಕಣಕ್ಕೇ ಒಂದು ಹೊಸ ಜೋಡು ಮೀಸಲಿಡು. ಪೂಜೆ ಮಾಡಿ ಇಟ್ಕ. ಕಣ ಬಿಟ್ಟು ಹೊರಗೆ ಬರಬಾರದು ಅದು” ಎಂದೆ. ಸಿದ್ದೇಶಣ್ಣ ಗಡ್ಡ ಕೆರೆದುಕೊಂಡ. “ಹಂಗಾದ್ರೆ ಲಕ್ಷ್ಮಿಗೂ ಬ್ಯಾಸರ ಆಗಾಕಿಲ್ಲ ಬಿಡು.” ಈಗ ಚನ್ನಗಿರಿ ಕಡೆಯ ನಲ್ಲೂರಿನಲ್ಲಿರುವ ಅವನ ನೆಂಟರ ಕಣಗಳಲ್ಲೂ ಕುಂಕುಮ ಹಚ್ಚಿದ ಮೀಸಲು ಜೋಡು ಕೂತಿವೆ. ನೀವು ನೋಡಬೇಕಿತ್ತು!

ಅದಾದ ಮೇಲೆ ಸಿದ್ದೇಶಣ್ಣ ಸುಮ್ಮನಿರುತ್ತಾನೆಯೇ? ಸಂತೆಯಲ್ಲೆಲ್ಲ ಡಂಗುರ. “ಡಾಕ್ಟ್ರಮ್ಮ ಅವ್ರೇ ಫೋನ್ ಮಾಡಿ ಕೇಳ್ತಾರೆ ಕಣ್ರೋ!” ನಮ್ಮ ಫೋನು ಬಾರದ ಮನೆಯವರು ಬಂದು, “ನಮ್ಮೇಲೆ ಏನ್ ಸಿಟ್ಟು?” ಎಂದು ಜಗಳವಾಡತೊಡಗಿದರು. ಈಗ ಸುಮಾಳ ಜೇನಿನ ದನಿಗೂ ಕಾಯುತ್ತಾರೆ. ಶಿವಮೊಗ್ಗಕ್ಕೆ ಹೋದವರು ಮರಳಿದರು, ಅತ್ತೆಗೆ ಫೋನು ಹೋದ ಮನೆಯಿಂದ ಸೊಸೆಯೂ ಬಂದಳು. ನಿಮ್ಮ ಕಾಲದ ಸಂತೆ ದಿನದ ನೂಕುನುಗ್ಗಲಿಲ್ಲ, ಜನ ದಿನ ದಿನಕ್ಕೆ ಹಂಚಿಕೊಂಡು ಬರುತ್ತಾರೆ. ಏದುಸಿರು ಬಿಡುತ್ತ ಬಾಗಿಲಲ್ಲಿ ಕುಸಿಯುವವರು ಕಡಿಮೆಯಾಗಿದ್ದಾರೆ. ಸಣ್ಣಪುಟ್ಟದ್ದು ಫೋನಿನಲ್ಲೇ ಸುಮಾಳ ಮಟ್ಟದಲ್ಲಿ ತೀರುವುದರಿಂದ, ಅಮ್ಮನವರಿಗೆ ಒಬ್ಬೊಬ್ಬರ ಮುಖ ನೋಡಿ ಮಾತಾಡಲು ಪುರುಸೊತ್ತಿದೆ. ತಿಂಗಳ ಆರೈಕೆಗೆಂದು ಜನ ಖುಷಿಯಿಂದ ಕೊಡುವ ಚಿಕ್ಕ ಫೀಸಿನಲ್ಲಿ ಸುಮಾಳ ಸಂಬಳ ತಡವಾಗುವುದಿಲ್ಲ. ರೋಗಿಗೂ ಕ್ಷೇಮ, ಕ್ಲಿನಿಕ್ಕಿಗೂ ಕ್ಷೇಮ. ಇದು ಇಷ್ಟು ಸುಲಭವಿತ್ತೇ, ಡಾಕ್ಟರೇ?

ದೀಪಾವಳಿಯ ದಿನ ಏಣಿ ತಂದೆವು. ಅಮ್ಮನವರು ಏಣಿ ತೋರಿಸಿ, “ಹತ್ತಿ, ರುದ್ರೇಶಣ್ಣ. ಅಪ್ಪನ ಹೆಸರಿಗೆ ಹೊಸ ಬಣ್ಣ ಹಚ್ಚಿ” ಎಂದರು. ಹಚ್ಚಿದೆ! ಮುಖಕ್ಕೆ ಹಚ್ಚಿಕೊಳ್ಳುವಷ್ಟೇ ಶ್ರದ್ಧೆಯಿಂದ ಹಚ್ಚಿದೆ. ದಾವಣಗೆರೆಯ ಕರೆಗೆ ಅವರು ಬರುವುದಿಲ್ಲ ಎಂದು ಹೇಳಿಯಾಗಿತ್ತು. ಮೊನ್ನೆ ಜಗಳೂರಿನಿಂದ ಅವರ ಡಾಕ್ಟರ್ ಗೆಳತಿಯೊಬ್ಬರು ಬಂದು ನಮ್ಮ ಫೋನಿನ ವ್ಯವಸ್ಥೆಯನ್ನು ದಿನವಿಡೀ ಕೂತು ನೋಡಿದರು. ಹೋಗುವಾಗ, “ಎಲ್ಲಾ ತಿಳೀತು, ಆದ್ರೆ ಆ ಗಂಟಲು ಎಲ್ಲಿ ಸಿಗ್ತೈತೆ?” ಎಂದರು. ಕೇಳಿಸಿತೇ?

ಈಗ, ಡಾಕ್ಟರೇ, ದನಿ ಇಳಿಸಿ ಒಂದು ಮಾತು. ನೀವು ತೀರಿಕೊಂಡ ವಾರ ನಿಮ್ಮ ಮೇಜು ಒರೆಸುವಾಗ ಡ್ರಾಯರಿನಲ್ಲಿ ನಿಮ್ಮದೇ ಬಿಪಿ ಮಾತ್ರೆಯ ಪಟ್ಟಿಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ. ಊರಿಗೆಲ್ಲ ಗದರಿಸಿ ನುಂಗಿಸಿದವರು ನೀವು. ನಿಮ್ಮನ್ನು ಕೇಳುವವರು ಯಾರಿದ್ದರು? ನಾವೆಲ್ಲ ನಿಮ್ಮ ಬಾಗಿಲಿಗೆ ಬಂದೆವೇ ಹೊರತು, ನಿಮಗೊಂದು ಫೋನು…

ಇರಲಿ. ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಕಳೆದ ತಿಂಗಳು ಸುಮಾ ತಮಾಷೆಗೆ ಅಮ್ಮನವರ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದಳು. ಬಿಪಿ ಏರಿತ್ತು. ನಿಮ್ಮ ಮಗಳೇ ಅಲ್ಲವೇ, “ಕೆಲ್ಸದ ಒತ್ತಡ, ಬಿಡೇ” ಎಂದು ನಕ್ಕರು. ನಾನು ನಗಲಿಲ್ಲ. ನಿಮ್ಮ ಡ್ರಾಯರು ಎಳೆದು ತೋರಿಸಿದೆ. ಒಡೆಯದ ಪಟ್ಟಿಯೊಂದನ್ನು ಕೈಗೆತ್ತಿಕೊಂಡರು. ಆಮೇಲೆ ಮೆಲ್ಲಗೆ, “ನನಗೂ ಫೋನ್ ಮಾಡ್ತೀರಾ, ರುದ್ರೇಶಣ್ಣ?” ಎಂದರು.

ಆದ್ದರಿಂದ ಮಹಾಜನಗಳೇ, ಮೊದಲ ಸಾಲಿನ ನನ್ನ ಡಾಕ್ಟರೇ, ಕೇಳಿ! ನಾಳೆ ಮುಂಜಾನೆ ಜಗಳೂರಿಗೆ ಬಸ್ಸು ಹತ್ತುತ್ತೇನೆ, ಅಲ್ಲಿಯ ಕ್ಲಿನಿಕ್ಕಿನವರಿಗೆ ಫೋನಿನ ತಾಲೀಮು ಕೊಡಲು. ಆದರೆ ಹತ್ತುವ ಮೊದಲು, ಹೊನ್ನಾಳಿ ಬಸ್‌ ನಿಲ್ದಾಣದ ನಡುವೆ ನಿಂತು, ನಿಮ್ಮ ಮನೆಗೊಂದು ಫೋನು ಹಚ್ಚುತ್ತೇನೆ. ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಕೇಳುತ್ತೇನೆ: “ಡಾಕ್ಟ್ರಮ್ಮಾ! ಮಾತ್ರೆ ನುಂಗಿದ್ರಾ?”