ಬಾಣಂತಿ ಕೋಣೆಯ ಕೆಂಡ

ರಕಿಯಾ ಅತ್ತಿಗೆ,

ನಿಮಗೀಗ ಓದಲು ಬರುವುದಿಲ್ಲವೆಂದು ನಿಮ್ಮ ತವರೂರು ಕಟ್ಸಿನಾದಿಂದ ಬಂದವರು ಹೇಳಿದರು. ಹಾಗಾಗಿಯೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂದು ಅಣ್ಣನ ಹೊಸ ಹೆಂಡತಿ ಲುಬಾಬಾಳ ಮಗುವಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋಗಿದ್ದೆ. ವೈದ್ಯೆಗೆ ನಿಮ್ಮ ವಿಷಯ ಹೇಳಿದೆ: ಬಾಣಂತಿ ಮಂಚದ ಕೆಳಗಿನ ಕೆಂಡದ ಮಡಕೆ, ಮುಚ್ಚಿದ ಕಿಟಕಿ, ನೀವು ಎಚ್ಚರ ತಪ್ಪಿದ್ದು, ಮೂರು ವಾರ ಚೆನ್ನಾಗಿದ್ದು, ಆಮೇಲೆ ಮಗು ಅತ್ತರೂ ಗೋಡೆ ನೋಡುತ್ತ ಕುಳಿತದ್ದು. ಆಕೆಗೆ ಆಶ್ಚರ್ಯವಾಗಲಿಲ್ಲ. ಇದ್ದಿಲಿನ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದಂತೆ. ಮಿದುಳಿನ ನರಗಳ ಹೊದಿಕೆಯ ರಸಾಯನ ಬದಲಾಗಿ, ದೇಹವೇ ಅದನ್ನು ಹೊರಗಿನದೆಂದು ತಿಳಿದು ನಾಶಮಾಡತೊಡಗುತ್ತದಂತೆ. ಅದಕ್ಕೆ ವಾರಗಳು ಹಿಡಿಯುತ್ತವೆ.

ಮನೆಗೆ ಬಂದರೆ, ಚಳಿಗಾಳಿ ಶುರುವಾಯಿತೆಂದು ಅಮ್ಮ ಅದೇ ಮಡಕೆಗೆ ಕೆಂಡ ತುಂಬುತ್ತಿದ್ದಳು.

"ಕಿಟಕಿ ಹಾಕೇ, ಥಂಡಿ ಆಗುತ್ತೆ. ಇವಳಾದ್ರೂ ಆ ಸೋಮಾರಿ ಥರ ಆಗದೆ ಇರ್ಲಿ."

"ಅತ್ತೆ, ಅವ್ರು ನಿಜವಾಗ್ಲೂ ಒಂದು ಗಂಜಿ ಕೂಡ ಕಾಯಿಸ್ತಿರ್ಲಿಲ್ವಾ?" ಎಂದಳು ಲುಬಾಬಾ.

"ಬರೀ ನಾಟಕ. ಸುಮ್ನೆ ತಲಾಕ್ ಕೊಟ್ನಾ ನನ್ ಮಗ? ಕೇಳು ಇವಳನ್ನೇ."

ಅಮ್ಮ ನನ್ನತ್ತ ಕೈ ತೋರಿ, ಅಡಿಕೆಯಂತೆ ಸದಾ ಮೆಲ್ಲುವ ಕೋಲಾ ಕಾಯಿಯಿಂದ ಕೆಂಪಾದ ಹಲ್ಲು ತೋರಿಸಿ ನಕ್ಕಳು. ತಲಾಕಿನ ದಿನ ಹಿರಿಯರ ಮುಂದೆ ನಾನೂ ಅದೇ ಮಾತು ಹೇಳಿದ್ದೆ.

ಮಡಕೆಯನ್ನು ಅಂಗಳಕ್ಕೆ ಒಯ್ದು ನೀರು ಸುರಿದೆ. "ಕೆಂಡ ಮಗು ಕಣ್ಣಿಗೆ ಆಗಲ್ವಂತೆ, ಡಾಕ್ಟ್ರು ಹೇಳಿದ್ರು" ಎಂದೆ. ಅಷ್ಟೇ ಹೇಳಿದೆ. ನಿಜ ಹೇಳಿದ್ದರೆ ನೀವು ಸೋಮಾರಿಯಲ್ಲವೆಂದು ಹೇಳಬೇಕಾಗುತ್ತಿತ್ತು. ಅಂದು ಆ ಕಿಟಕಿ ಮುಚ್ಚಿದವಳು ನಾನೇ ಎಂಬುದನ್ನೂ.