ಗಾಜಿನ ತಟ್ಟೆಯಲ್ಲಿ ನಿನ್ನ ಮೂಳೆ

ಮಾಧವರಂ, ಚೆನ್ನೈ
೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಗುರುಚರಣ,

ಹೇಗಿದ್ದೀಯಪ್ಪ? ಗಾಯ ಒಣಗಿತೇ? ತುಮಕೂರಿನಲ್ಲಿ ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ, ಗೊತ್ತು. ಮಾತ್ರೆ ಮಾತ್ರ ನೀನೇ ನೆನಪಿಟ್ಟು ನುಂಗು. ಇಲ್ಲದ ಪಾದ ಈಗಲೂ ತುರಿಸುತ್ತದೆಯೇ? ಅದಕ್ಕೂ ಔಷಧಿ ಇದೆಯಂತೆ, ಡಾಕ್ಟರನ್ನು ಕೇಳು. ನನ್ನ ಮಗಳು ಶ್ರೀಯಾ ದಿನಾ "ಮಾಮಾ ಎಪ್ಪೋ ವರುವಾಂಗ?" ಎನ್ನುತ್ತಾಳೆ. ಯಾವಾಗ ಬರ್ತಾರೆ ಅಂತ ಕನ್ನಡದಲ್ಲಿ ಕೇಳೇ ಎಂದರೆ ಮುಖ ತಿರುಗಿಸುತ್ತಾಳೆ. ನಿನ್ನ ಕೋಣೆಯಲ್ಲಿ ಅವಳ ಓದುವ ಮೇಜು ಹಾಕಿದ್ದೇವೆ, ಬೇಜಾರು ಮಾಡಿಕೊಳ್ಳಬೇಡ.

ಒಂದು ಒಳ್ಳೆಯ ಸುದ್ದಿ. ಮಣಲಿ ರಸ್ತೆಯಲ್ಲಿ ಲಾರಿ ನಿನ್ನ ಬೈಕಿಗೆ ಗುದ್ದಿದ ದಿನ, ಮೊದಲ ಆಪರೇಷನ್ನಿನಲ್ಲಿ ತೆಗೆದ ಕಾಲಿನ ಮೂಳೆಯ ಚೂರುಗಳನ್ನು ನಮ್ಮ ಲ್ಯಾಬಿಗೆ ತಂದಿದ್ದೆನಲ್ಲ, ಅವುಗಳ ಜೀವಕೋಶಗಳು ಸೊಗಸಾಗಿ ಬೆಳೆದಿವೆ. ನಾವು ಮಾಡುವುದು ಪ್ಲಾಸ್ಟಿಕ್ಕಿಗೆ ಮೂಳೆಯ ಸುಣ್ಣದಂಥ ಪುಡಿ ಬೆರೆಸಿದ, ಇಡ್ಲಿಯ ಹಾಗೆ ತೂತುತೂತಾದ ತುಂಡು. ಮುರಿದ ಮೂಳೆಯ ಸಂದಿಗೆ ಅದನ್ನಿಟ್ಟರೆ ಅದರ ಮೇಲೆ ಹೊಸ ಮೂಳೆ ಹಬ್ಬಬೇಕು. ಆದರೆ ಬರಿಯ ತುಂಡಿನಿಂದ ಜೀವಕೋಶಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತಿದ್ದವು. ಕಡಲ ಚಿಪ್ಪುಗಳು ಬಂಡೆಗೆ ಕಚ್ಚಿಕೊಳ್ಳುವ ಅಂಟಿನ ಜಾತಿಯದೊಂದು ತೆಳುವಾದ ಲೇಪ ಕೊಟ್ಟ ಮೇಲೆ, ಬಿಡಿಸಿದರೂ ಬಿಡವು. ಅದರಲ್ಲೂ ನಿನ್ನವೇ ಗಟ್ಟಿ. ಪ್ರೊಫೆಸರ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ "ಸೂಪರ್ ಮಾ, ಇದು ಯಾರೋಡದು?" ಎಂದರು. ಯಾರೋ ಚಿಕ್ಕ ವಯಸ್ಸಿನ ಪೇಷೆಂಟ್ ಎಂದೆ. ತಮ್ಮ ಎನ್ನಲಿಲ್ಲ.

ನಿನ್ನನ್ನು ತುಮಕೂರಿಗೆ ಕರೆದುಕೊಂಡು ಹೊರಡುವಾಗ ಚಿಕ್ಕಮ್ಮ ನಮ್ಮ ಮನೆ ಬಾಗಿಲಲ್ಲಿ ನಿಂತು, "ಮಗು ನಿನ್ ಮಾತ್ ನಂಬ್ಕೊಂಡ್ ಕೂತಿತ್ತು ಕಣೇ" ಎಂದರು. ನಾನು ಲಿಫ್ಟಿನ ಗುಂಡಿ ಒತ್ತಿದೆ. ಅವರು ಹೇಳಿದ್ದು ಸುಳ್ಳಲ್ಲ. ಎರಡು ತಿಂಗಳಾದರೂ ಮೂಳೆ ಕೂಡದಾಗ, ಸೊಂಟದಿಂದ ಮೂಳೆ ತೆಗೆದು ಕೂಡಲೇ ಕಸಿ ಮಾಡೋಣ ಎಂದು ಡಾಕ್ಟರು ಹೇಳಿದರು. ನೀನು ನನ್ನ ಕೈ ಹಿಡಿದು "ಅಕ್ಕಾ, ನಿಮ್ ಲ್ಯಾಬಿಂದು ನನಗಾಗುತ್ತಾ?" ಎಂದೆ. "ಆಗುತ್ತೆ, ಸ್ವಲ್ಪ ತಡಿ" ಎಂದೆ. ನೀನು ಏಳು ತಿಂಗಳು ತಡೆದೆ. ಅಷ್ಟರಲ್ಲಿ ಕೀವು ಮೇಲಕ್ಕೇರಿ ಮೊಣಕಾಲೂ ಸೇರಿ ಹೋಯಿತು. ನಮ್ಮ ತುಂಡು ಇದುವರೆಗೆ ಮೊಲಗಳ ಕಾಲಿಗಷ್ಟೇ ಹೋಗಿದೆ ಗುರು, ಮನುಷ್ಯರಿಗೆ ಬರಲು ಹತ್ತು ವರ್ಷವಾದರೂ ಬೇಕು. ಅದು ಅವತ್ತೇ ನನಗೆ ಗೊತ್ತಿತ್ತು. ಆದರೆ ಮನೆಯಲ್ಲಿ ನನ್ನ ಕೆಲಸವನ್ನು ನಂಬಿದವನು ನೀನೊಬ್ಬನೇ. ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ನೀನಾದರೂ ಡಾಕ್ಟರ ಮಾತು ಕೇಳಬಾರದಿತ್ತೇ?

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ.

ನಿನ್ನ ಅಕ್ಕ,
ಊರ್ಮಿಳಾ

ತಾ.ಕ.: ಮೊದಲ ಆಪರೇಷನ್ನಿನ ದಿನ ನಿನಗೆ ಪ್ರಜ್ಞೆ ಇರಲಿಲ್ಲ, ಮೂಳೆಯನ್ನು ಲ್ಯಾಬಿಗೆ ಕೊಡುವ ಒಪ್ಪಿಗೆ ಪತ್ರಕ್ಕೆ ನಿನ್ನ ಸಹಿ ನಾನೇ ಹಾಕಿದ್ದೆ. ಈಗ ನಮ್ಮ ಸಂಶೋಧನಾ ಪ್ರಬಂಧ ಅಚ್ಚಾಗುವ ಮುಂಚೆ, ಇಂಥ ಒಪ್ಪಿಗೆಗಳನ್ನು ಪರಿಶೀಲಿಸುವ ಸಮಿತಿಯವರು ನೀನೇ ಮಾಡಿದ ಸಹಿ ಕೇಳುತ್ತಿದ್ದಾರೆ. ಹಾಳೆ ಒಳಗಿದೆ, ಕಳೆದ ಅಕ್ಟೋಬರಿನ ತಾರೀಖನ್ನೇ ಹಾಕು. ಎರಡನೆಯ ಹಾಳೆ ಜುಲೈನಲ್ಲಿ ಕತ್ತರಿಸಿದ ಕಾಲಿನದು. ಅದರಿಂದಲೂ ಒಂದಿಷ್ಟು ತಂದಿಟ್ಟುಕೊಂಡಿದ್ದೇನೆ. ಗುರುವಾರದೊಳಗೆ ಕೊರಿಯರ್ ಮಾಡು.