ಇಳಿದ ನಿಷಾದ

ನವೆಂಬರ್ ೯, ಶನಿವಾರ

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!

"ಸ್ವರ ಅಲ್ಲಾಡಿಸ್ಬೇಡಿ ಸಾರ್, ಇದೇನು ಕಛೇರಿನಾ?" ಎಂದು ನಾನು ಹೊಸದಾಗಿ ಸೇರಿರುವ ಸಿನಿಮಾ ಹಾಡುಗಳ ಬ್ಯಾಂಡಿನ ಗಿಟಾರಿನವನು ಇವತ್ತೂ ರೇಗಿದ. ಮನೆಗೆ ಬಂದು ಪಿಟೀಲಿನಲ್ಲಿ ಅದೇ ಹಾಡನ್ನು ನೆಟ್ಟಗೆ ನುಡಿಸಲು ಒದ್ದಾಡುತ್ತಿದ್ದೆ. ಅಡುಗೆಮನೆಯಲ್ಲಿ ಹೆಂಡತಿ ಜೊತೆಗೆ ಗುನುಗತೊಡಗಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಪಿಟೀಲಿಗೆ ಅವಳು ದನಿಗೂಡಿಸಿದ್ದು ಇದೇ ಮೊದಲು. ಹುಟ್ಟುಗುಣ ಸುಟ್ಟರೂ ಹೋಗದು, "ನಿಷಾದ ಇಳೀತು ನೋಡು, ಆ 'ನಿ' ಸ್ವರ ಇನ್ನೂ ಮೇಲಿರ್ಬೇಕು" ಅಂದುಬಿಟ್ಟೆ.

"ನಂಗೇನ್ ಗೊತ್ತಾಗತ್ತೆ ಅದೆಲ್ಲಾ, ನೀವು ನುಡ್ಸಿ" ಎಂದು ನಕ್ಕಳು.

ಅದೇ ಸಾಲನ್ನು ಮತ್ತೆ ನುಡಿಸಿ ಕಾದೆ. ಒಳಗಿನಿಂದ ನಲ್ಲಿಯ ಸದ್ದು ಬಿಟ್ಟರೆ ಏನಿಲ್ಲ.

ಊಟವಾದ ಮೇಲೆ ಮೂಲ ಹಾಡನ್ನು ಫೋನಿನಲ್ಲಿ ಕೇಳಿದೆ. ಅಲ್ಲೂ ನಿಷಾದ ಇಳಿದೇ ಇದೆ. ಹಾಡೇ ಹಾಗೆ. ಅವಳು ಹಾಡಿದ್ದೇ ಸರಿ. ಆಗಲೇ ಮಲಗಿದ್ದಾಳೆ, ಎಬ್ಬಿಸಿ ಹೇಳಿದರೆ ನಕ್ಕಾಳು. ಮತ್ತೆ ಗುನುಗುವುದು ಮಾತ್ರ...